ಎಲ್ಲರೂ ಉಣ್ಣುವ ಕೇಕು



ಕಳೆದ ವರ್ಷದ ಕಾರ್ತಿಕದಲ್ಲಿ ಆಳಂದ ತಾಲೂಕಿನ ಒಂದು ಮನೆಗೆ ಪ್ರಸಾದಕ್ಕೆ ಹೋಗಿದ್ದೆವು. ಅಂದು ಆ ಮನೆಯ ಮೊಮ್ಮಗನ ಜನ್ಮದಿನ. ಪೇಟೆಯಿಂದ ತಂದ ಕೇಕನ್ನು ಕೊಯ್ದ ಬಾಲಕ ಮೊದಲ ತುಣುಕನ್ನು ಅಜ್ಜಿಯ ಬಾಯಿಗೆ ಹಿಡಿದನು. ಅದರಲ್ಲಿ ತತ್ತಿ ಇದ್ದೀತೆಂಬ ಅಳುಕಿನಿಂದ ಆ ತಾಯಿ ಮುಖ ತಿರುಗಿಸಿದರು. “ಆಯಿ, ನೀ ಯಾಕ ತಿನ್ನಂಗಿಲ್ಲ?” ಎಂದು ಮಗು ಕೇಳಿತು. ಯಾರೂ ಉತ್ತರ ಕೊಡಲಿಲ್ಲ.

ಅಫಜಲಪುರ, ಜೇವರ್ಗಿಗಳ ಭೀಮಾತೀರದ ಊರುಗಳಲ್ಲಿಯೂ ಇಂದು ಜನ್ಮದಿನಕ್ಕೆ ಕೇಕು ಬಂದಿದೆ. ಪೊಟ್ಟಣದ ತಿನಿಸಿಗೆ ಹಸಿರು ಗುರುತಿನ ಆಸರೆಯುಂಟು. ಬಿಡಿಯಾಗಿ ಕೊಳ್ಳುವುದನ್ನು ಕೇಳಿಯೇ ತಿಳಿಯಬೇಕು. ಪರದೇಶದ ತಿನಿಸು ನಮಗೇಕೆಂದು ತಳ್ಳಿಹಾಕುವುದು ಸುಲಭ. ಆದರೆ ಹೋಳಿಗೆಯ ಶೇಂಗಾ, ರೊಟ್ಟಿಯ ಜೊತೆಗಿನ ಮೆಣಸಿನಕಾಯಿ, ಗಾರಿಗೆಯ ಸಿಹಿಗುಂಬಳ ಇವು ಮೂರೂ ಅಮೆರಿಕ ಖಂಡದಿಂದ ಬಂದು ನಮ್ಮವಾದವು. ಬಂದದ್ದನ್ನು ನಮ್ಮದಾಗಿಸಿಕೊಳ್ಳುವ ಜಾಣ್ಮೆ ನಮ್ಮ ತಾಯಂದಿರದು.

“ಶಾಸ್ತ್ರಿಗಳೇ, ತತ್ತಿ ಇಲ್ಲದ ಕೇಕು ಆಗಂಗಿಲ್ಲೇನ್ರಿ?” ಎಂದು ಆ ಮನೆಯ ಸೊಸೆ ಕೇಳಿದಳು. ನಾವು ಪಾಕಪ್ರವೀಣರಲ್ಲ, ಮಠದ ಅಡುಗೆಮನೆಯಲ್ಲಿ ಶರದೃತುವಿನ ಗಾರಿಗೆ ಕಂಡವರು. ಆದರೂ ಕಾರಣ ತಿಳಿದರೆ ದಾರಿ ತಿಳಿಯುತ್ತದೆ. ತತ್ತಿಯು ಹಿಟ್ಟಿನಲ್ಲಿ ಗಾಳಿಯನ್ನು ಹಿಡಿದಿಡುತ್ತದೆ, ಬೆಂದಾಗ ಬಿಗಿ ಕೊಡುತ್ತದೆ. ಹುಳಿಮೊಸರು ಸೋಡದೊಡನೆ ಕೂಡಿದರೆ ಇಂಗಾಲದ ಡೈಆಕ್ಸೈಡ್ ಹುಟ್ಟಿ ಹಿಟ್ಟು ಉಬ್ಬುತ್ತದೆ. ಅರೆದ ಕುಂಬಳ ತೇವವನ್ನೂ ಮೃದುತ್ವವನ್ನೂ ಕೊಡುತ್ತದೆ.

ಆಕೆ ಮಾಡಿದ ಕ್ರಮ ಇದು: ಎರಡು ಬಟ್ಟಲು ಗೋಧಿಹಿಟ್ಟಿಗೆ ಒಂದು ಸಣ್ಣ ಚಮಚ ಅಡಿಗೆಸೋಡ, ಚಿಟಿಕೆ ಉಪ್ಪು, ಏಲಕ್ಕಿ, ಒಣಶುಂಠಿಯ ಪುಡಿ ಬೆರೆಸಿ ಸಾಣಿಸಬೇಕು. ಬೇಯಿಸಿ ಅರೆದ ಸಿಹಿಗುಂಬಳ ಒಂದು ಬಟ್ಟಲು, ಬೆಲ್ಲದ ಪುಡಿ ಒಂದು ಬಟ್ಟಲು, ಹುಳಿಮೊಸರು ಮುಕ್ಕಾಲು ಬಟ್ಟಲು, ಎಣ್ಣೆ ಅರ್ಧ ಬಟ್ಟಲು ಕೂಡಿಸಿ ಹಿಟ್ಟಿಗೆ ಸೇರಿಸಬೇಕು. ಹೆಚ್ಚು ತಿರುವಿದರೆ ಕೇಕು ಗಟ್ಟಿಯಾಗುತ್ತದೆ. ಹಳೆಯ ದಪ್ಪತಳದ ಪಾತ್ರೆಯಲ್ಲಿ ಎರಡು ಬೆರಳು ಮರಳು ಹರವಿ, ಮುಚ್ಚಿ 10 ನಿಮಿಷ ಕಾಯಿಸಿ, ಎಣ್ಣೆ ಸವರಿದ ಡಬ್ಬಿಗೆ ಹಿಟ್ಟು ಸುರಿದು ಒಳಗಿಟ್ಟು, ಸಣ್ಣ ಉರಿಯಲ್ಲಿ 50 ನಿಮಿಷ ಬೇಯಿಸಬೇಕು. ಚುಚ್ಚಿದ ಕಡ್ಡಿಗೆ ಹಿಟ್ಟು ಅಂಟದಿದ್ದರೆ ಬೆಂದಿತೆಂದು ಅರ್ಥ.

ಮೇಲಿನ ಬಿಳಿಯ ಲೇಪಕ್ಕೆ ಪರದೇಶಗಳಲ್ಲಿ ಕ್ರೀಮ್ ಚೀಸ್ ಬಳಸುತ್ತಾರೆ. ಅದು ಕೆನೆಹಾಲನ್ನು ಹುಳಿಗೊಳಿಸಿ ನೀರು ಬಸಿದದ್ದು. ನಮ್ಮ ಶ್ರೀಖಂಡದ ಚಕ್ಕಾ ಅದರ ಹತ್ತಿರದ ಬಂಧು. ಅರ್ಧ ಲೀಟರ್ ಗಟ್ಟಿಮೊಸರನ್ನು ತೆಳುಬಟ್ಟೆಯಲ್ಲಿ ರಾತ್ರಿಯಿಡೀ ತಂಪಾದ ಸ್ಥಳದಲ್ಲಿ ತೂಗಹಾಕಿ, ನಾಲ್ಕು ಚಮಚ ಸಕ್ಕರೆಪುಡಿ ಸೇರಿಸಿ ನುಣ್ಣಗೆ ತಿರುವಬೇಕು. ಮೊದಲ ಸಲ ಆಕೆ ಬಿಸಿ ಕೇಕಿನ ಮೇಲೆಯೇ ಹಚ್ಚಿದಳು; ಲೇಪವೆಲ್ಲ ಕರಗಿ ತಟ್ಟೆಗೆ ಇಳಿಯಿತು. ಪೂರ್ತಿ ಆರಿದ ಬಳಿಕವೇ ಹಚ್ಚಬೇಕು, ಅಂದೇ ತಿಂದು ಮುಗಿಸಬೇಕು.

ಈ ವರ್ಷದ ಜನ್ಮದಿನಕ್ಕೂ ನಮಗೆ ಕರೆ ಬಂದಿತು. ಬಾಲಕ ಮತ್ತೆ ಮೊದಲ ತುಣುಕನ್ನು ಅಜ್ಜಿಗೆ ಹಿಡಿದನು. ಆ ತಾಯಿ ಸೊಸೆಯ ಮುಖ ನೋಡಿ, ಬಾಯಿಗೆ ಹಾಕಿಕೊಂಡು, “ಇದು ನಮ್ಮ ಗಾರಿಗಿನೇ ಅದಲ್ಲೋ!” ಎಂದರು. ಆಚಾರ ಮುರಿಯಲಿಲ್ಲ, ಮಗುವಿನ ಮನವೂ ಮುರಿಯಲಿಲ್ಲ. ಮನೆಯ ಒಬ್ಬರನ್ನು ಹೊರಗಿಟ್ಟ ಸಿಹಿಗಿಂತ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವ ಸಿಹಿಯೇ ಹೆಚ್ಚು ರುಚಿ.