ಬಿಡಿಭಾಗ ಸಿಗದ ಓವನ್ ಅಗ್ಗದ ಸರಕಲ್ಲ

ಗೌರಿಬಿದನೂರಿನಿಂದ ಚಿಕ್ಕಬಳ್ಳಾಪುರ, ಶಿಡ್ಲಘಟ್ಟಗಳ ಮೂಲಕ ಚಿಂತಾಮಣಿಗೆ ಸಾಗುವ ಹೆದ್ದಾರಿಯುದ್ದಕ್ಕೂ ವ್ಯಾಪಾರದ ಸ್ವರೂಪ ಬದಲಾಗುತ್ತಿದೆ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ರೂಪುಗೊಂಡ ಈ ಜಿಲ್ಲೆಗೆ ಬೆಂಗಳೂರಿನ ಸಾಮೀಪ್ಯವಿರುವುದರಿಂದ ನಗರದ ಗೃಹೋಪಯೋಗಿ ವಸ್ತುಗಳು ಇಲ್ಲಿಗೆ ಬೇಗನೆ ತಲುಪುತ್ತವೆ. ಹೊಸ ಮನೆಗಳ ಮಾಡ್ಯುಲರ್ ಅಡುಗೆಮನೆಗಳಲ್ಲಿ ಗೋಡೆಯ ಕಪಾಟಿನೊಳಗೆ ಕೂರಿಸುವ ವಿದ್ಯುತ್ ಓವನ್ ಕಾಣಿಸಿಕೊಳ್ಳುತ್ತಿದೆ. ಸೌದೆಯ ಭಟ್ಟಿಯನ್ನು ಕೈಬಿಟ್ಟ ಬೇಕರಿಗಳು ವಿದ್ಯುತ್ ಡೆಕ್ ಓವನ್‌ಗಳನ್ನು ಕೊಳ್ಳುತ್ತಿವೆ. ಮಾರಾಟದ ದಿನ ಎಲ್ಲವೂ ಸುಸೂತ್ರವಾಗಿರುತ್ತದೆ. ಕೆಲವು ವರ್ಷಗಳ ನಂತರ ಒಂದು ಮುಂಜಾನೆ ಓವನ್ ಬಿಸಿಯಾಗದೆ ನಿಂತಾಗ ಕೊಂಡವರಿಗೂ ಮಾರಿದವರಿಗೂ ಒಂದೇ ಪ್ರಶ್ನೆ ಎದುರಾಗುತ್ತದೆ: ಇದರ ಬಿಡಿಭಾಗ ಎಲ್ಲಿ ದೊರೆಯುತ್ತದೆ?

ಈ ಪ್ರಶ್ನೆಯನ್ನು ಮಾರಾಟದ ದಿನವೇ ಕೇಳಬೇಕು. ಅದಕ್ಕೆ ಉತ್ತರ ಕೊಡುವ ಹೊಣೆಯನ್ನು ಮಾರಾಟಗಾರರು ಹೊರಬೇಕು. ಓವನ್‌ನ ನಿಜವಾದ ಬೆಲೆ ಪಾವತಿ ಚೀಟಿಯಲ್ಲಿ ಕಾಣುವ ಮೊತ್ತವಷ್ಟೇ ಅಲ್ಲ. ಅದು ಕೆಟ್ಟು ನಿಂತ ದಿನಗಳ ನಷ್ಟವೂ ಅದರಲ್ಲಿ ಸೇರಿದೆ. ಹೊಸವರ್ಷದ ಕೇಕುಗಳ ವಾರದಲ್ಲಿ ಒಂದು ಸಣ್ಣ ಥರ್ಮೋಸ್ಟಾಟ್‌ಗಾಗಿ ನಾಲ್ಕು ದಿನ ಕಾದ ಬೇಕರಿಯವರಿಗೆ ಕಳೆದುಹೋದ ಬೇಡಿಕೆ ಮತ್ತೆ ಬರುವುದಿಲ್ಲ. ಬ್ಯಾಂಕಿನ ಕಂತು ಮಾತ್ರ ತಪ್ಪದೆ ಬರುತ್ತದೆ.

ಹೊರನೋಟ ಬೇರೆ, ಒಳಗಿನ ಅಂಗ ಒಂದೇ

ಮನೆಯ ಗೋಡೆಯಲ್ಲಿರುವ ಓವನ್‌ಗೂ ಬೇಕರಿಯ ಓವನ್‌ಗೂ ಗಾತ್ರದಲ್ಲಿ ಅಂತರವಿದೆಯೇ ಹೊರತು ರಚನೆಯಲ್ಲಿ ಹೆಚ್ಚಿನ ಅಂತರವಿಲ್ಲ. ನಿಕಲ್ ಹಾಗೂ ಕ್ರೋಮಿಯಂ ಮಿಶ್ರಲೋಹದ ತಂತಿಯನ್ನು ಮೆಗ್ನೀಷಿಯಂ ಆಕ್ಸೈಡ್ ಪುಡಿಯೊಂದಿಗೆ ಉಕ್ಕಿನ ಕೊಳವೆಯೊಳಗೆ ತುಂಬಿದ ಹೀಟರ್, ಶಾಖವನ್ನು ಅಳೆಯುವ ಸೆನ್ಸರ್, ಅದನ್ನು ನಿಯಂತ್ರಿಸುವ ಥರ್ಮೋಸ್ಟಾಟ್ ಅಥವಾ ಎಲೆಕ್ಟ್ರಾನಿಕ್ ಕಂಟ್ರೋಲರ್, ಗಾಳಿ ತಿರುಗಿಸುವ ಫ್ಯಾನು, ಬಾಗಿಲಿನ ಗ್ಯಾಸ್ಕೆಟ್, ಅತಿಶಾಖವಾದಾಗ ವಿದ್ಯುತ್ತನ್ನು ಕಡಿತಗೊಳಿಸುವ ಥರ್ಮಲ್ ಕಟ್‌ಔಟ್: ಇವೇ ಮುಖ್ಯ ಅಂಗಗಳು. ಹೆಸರಾಂತ ಬ್ರಾಂಡುಗಳು ಸಹ ಈ ಅಂಗಗಳನ್ನೆಲ್ಲ ತಾವೇ ತಯಾರಿಸುವುದಿಲ್ಲ. ಜರ್ಮನಿಯ ಇ.ಜಿ.ಓ.ದಂತಹ ಬಿಡಿಭಾಗ ತಯಾರಕ ಸಂಸ್ಥೆಗಳ ಥರ್ಮೋಸ್ಟಾಟ್ ಹಾಗೂ ಹೀಟರ್‌ಗಳು ಹಲವು ಬ್ರಾಂಡುಗಳ ಓವನ್‌ಗಳೊಳಗೆ ಇರುತ್ತವೆ. ಬ್ರಾಂಡಿನ ಹೆಸರು ಹಿಡಿದು ಹುಡುಕಿದಾಗ ಸಿಗದ ವಸ್ತು ಅಂಗದ ಮೇಲೆ ಅಚ್ಚಾದ ಸಂಖ್ಯೆ ಹಿಡಿದು ಹುಡುಕಿದಾಗ ಸಿಗುವುದು ಇದೇ ಕಾರಣದಿಂದ.

ಹುಡುಕುವ ಮುನ್ನ ದೋಷದ ನಿಷ್ಕರ್ಷೆ

ಬಿಡಿಭಾಗದ ಹುಡುಕಾಟದಲ್ಲಿ ಹಣ ಪೋಲಾಗುವುದು ಬಹುತೇಕ ದೋಷವನ್ನು ಸರಿಯಾಗಿ ಗುರುತಿಸದೆ ಇರುವುದರಿಂದ. ಗೋಡೆಯ ಓವನ್ ವಿದ್ಯುತ್ ಹೋಗಿ ಬಂದ ನಂತರ ಚಾಲೂ ಆಗದಿದ್ದರೆ ಮೊದಲು ಅದರ ಗಡಿಯಾರವನ್ನು ನೋಡಬೇಕು. ಟೈಮರ್ ಇರುವ ಅನೇಕ ಮಾದರಿಗಳಲ್ಲಿ ಗಡಿಯಾರವನ್ನು ಮತ್ತೆ ಹೊಂದಿಸುವವರೆಗೆ ಹೀಟರ್‌ಗೆ ವಿದ್ಯುತ್ ಹರಿಯುವುದಿಲ್ಲ. ಇದು ದೋಷವೇ ಅಲ್ಲ.

ಓವನ್ ಬಿಸಿಯಾಗುತ್ತದೆ, ಆದರೆ ತಡವಾಗುತ್ತದೆ ಎಂಬ ದೂರು ಬಂದರೆ ವೋಲ್ಟೇಜನ್ನು ಅಳೆಯಬೇಕು. ಹೀಟರ್‌ನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರಿಳಿಯುತ್ತದೆ. 230 ವೋಲ್ಟ್ ಬದಲು 200 ವೋಲ್ಟ್ ಬಂದರೆ ಶಾಖ ಸುಮಾರು ಕಾಲುಭಾಗದಷ್ಟು ಕುಗ್ಗುತ್ತದೆ. ಮೂರು ಫೇಸಿನ ಬೇಕರಿ ಓವನ್‌ನಲ್ಲಿ ಒಂದು ಫೇಸ್ ಕಡಿದರೆ ಕೆಲವು ಹೀಟರ್‌ಗಳು ತಣ್ಣಗಾಗಿ ಬ್ರೆಡ್ಡು ಒಂದು ಬದಿಯಲ್ಲಿ ಮಾತ್ರ ಬೇಯುತ್ತದೆ. ಇಂತಹ ಸಂದರ್ಭಗಳಲ್ಲಿ ಹೊಸ ಹೀಟರ್ ಕೊಳ್ಳುವುದು ವ್ಯರ್ಥ ಖರ್ಚು.

ಗೋಡೆಯ ಓವನ್ ಅರ್ಧ ಗಂಟೆ ನಡೆದು ತಾನಾಗಿ ನಿಲ್ಲುತ್ತಿದ್ದರೆ ಅದರ ಮೇಲ್ಭಾಗದ ತಂಪುಗಾಳಿಯ ಫ್ಯಾನಿನ ಮೇಲೆ ಅನುಮಾನ ಪಡಬೇಕು. ಫ್ಯಾನು ತಿರುಗದಿದ್ದರೆ, ಅಥವಾ ಬಡಗಿಗಳು ಕಪಾಟಿನಲ್ಲಿ ಗಾಳಿಯ ದಾರಿಯನ್ನು ಬಿಡದಿದ್ದರೆ, ಥರ್ಮಲ್ ಕಟ್‌ಔಟ್ ತನ್ನ ಕೆಲಸ ಮಾಡುತ್ತದೆ. ಅದನ್ನು ತೆಗೆದು ನೇರ ತಂತಿ ಜೋಡಿಸುವ ಪರಿಪಾಠ ಕೆಲವೆಡೆ ಇದೆ. ಮರದ ಕಪಾಟಿನ ನಡುವೆ ಇರುವ ಓವನ್‌ಗೆ ಇದು ಬೆಂಕಿ ಅವಘಡಕ್ಕೆ ಆಹ್ವಾನ.

ಹೀಟರ್‌ನ ಪರೀಕ್ಷೆ ಸುಲಭ. ಎಂ.ಸಿ.ಬಿ. ಆರಿಸಿ, ತಂತಿ ಕಳಚಿ, ಮಲ್ಟಿಮೀಟರ್‌ನಿಂದ ರೋಧವನ್ನು ಅಳೆದರೆ 2000 ವ್ಯಾಟಿನ ಹೀಟರ್ ಸುಮಾರು 26 ಓಮ್, 1000 ವ್ಯಾಟಿನದು ಸುಮಾರು 53 ಓಮ್ ತೋರಿಸಬೇಕು. ಏನನ್ನೂ ತೋರಿಸದಿದ್ದರೆ ಒಳಗಿನ ತಂತಿ ಕಡಿದಿದೆ. ರೋಧ ಸರಿಯಿದ್ದೂ ಓವನ್ ಹಾಕಿದ ಕೂಡಲೆ ಅರ್ತ್ ಲೀಕೇಜ್ ಸ್ವಿಚ್ಚು ಬೀಳುತ್ತಿದ್ದರೆ ಹೀಟರ್‌ನ ಪುಡಿಯೊಳಗೆ ತೇವ ಸೇರಿರುವ ಸಾಧ್ಯತೆಯಿದೆ. ಬಹುಕಾಲ ಬಳಸದೆ ಬಿಟ್ಟ ಓವನ್‌ಗಳಲ್ಲಿ ಇದು ಸಾಮಾನ್ಯ. ಅಂತಹ ಹೀಟರನ್ನು ಬಿಚ್ಚಿ ಒಣಗಿಸಿ ಮತ್ತೆ ಪರೀಕ್ಷಿಸಬಹುದು. ಅರ್ತಿಂಗ್ ತಪ್ಪಿಸಿ ಓಡಿಸುವುದು ಮಾತ್ರ ಸಲ್ಲದು. ಸೆನ್ಸರ್‌ಗಳ ವಿಷಯವೂ ಹೀಗೆಯೇ. ಪಿ.ಟಿ. 1000 ಮಾದರಿಯದು 25 ಡಿಗ್ರಿ ಶಾಖದಲ್ಲಿ ಸುಮಾರು 1100 ಓಮ್ ತೋರಿಸುತ್ತದೆ. ಬೇಕರಿ ಓವನ್‌ನ ಥರ್ಮೋಕಪಲ್ ತಂತಿಗಳನ್ನು ಅದಲುಬದಲು ಜೋಡಿಸಿದರೆ ಒಳಗೆ ಶಾಖ ಏರಿದಂತೆ ಮೀಟರಿನಲ್ಲಿ ಅಂಕಿ ಇಳಿಯುತ್ತದೆ, ಹೀಟರ್ ಆರುವುದೇ ಇಲ್ಲ. ದುರಸ್ತಿಯಾದ ಮರುದಿನವೇ ಸರಕು ಸೀದುಹೋಗುವುದಕ್ಕೆ ಇದೂ ಒಂದು ಕಾರಣ.

ಯಾವುದನ್ನು ಎಲ್ಲಿ ಹುಡುಕುವುದು

ದೋಷ ಖಚಿತವಾದ ಮೇಲೆ ಓವನ್‌ನ ಮಾಹಿತಿ ಫಲಕವನ್ನು ಓದಬೇಕು. ಗೋಡೆಯ ಓವನ್‌ಗಳಲ್ಲಿ ಅದು ಸಾಮಾನ್ಯವಾಗಿ ಬಾಗಿಲು ತೆರೆದಾಗ ಕಾಣುವ ಚೌಕಟ್ಟಿನ ಮೇಲಿರುತ್ತದೆ. ಮಾದರಿಯ ಹೆಸರಿಗಿಂತ ಅಲ್ಲಿರುವ ಪೂರ್ಣ ಉತ್ಪನ್ನ ಸಂಖ್ಯೆ ಮುಖ್ಯ. ಒಂದೇ ಹೆಸರಿನ ಮಾದರಿಯಲ್ಲಿ ಬೇರೆ ಬೇರೆ ವರ್ಷಗಳಲ್ಲಿ ಬೇರೆ ಅಂಗಗಳು ಬಂದಿರಬಹುದು. ಕಳಚಿದ ಅಂಗದ ಮೇಲಿನ ಸಂಖ್ಯೆ, ವೋಲ್ಟ್, ವ್ಯಾಟ್, ಉದ್ದ, ಬಾಗುವಿಕೆ, ರಂಧ್ರಗಳ ಅಂತರ ಇವನ್ನು ಬರೆದಿಟ್ಟು ಛಾಯಾಚಿತ್ರ ತೆಗೆದರೆ ಬೆಂಗಳೂರಿಗೆ ಎರಡನೆಯ ಬಾರಿ ಹೋಗುವ ಪ್ರಯಾಣ ತಪ್ಪುತ್ತದೆ.

ಬಿಡಿಭಾಗಗಳನ್ನು ಮೂರು ವರ್ಗಗಳಾಗಿ ವಿಂಗಡಿಸಬಹುದು. ಕಾಂಟ್ಯಾಕ್ಟರ್, ಥರ್ಮೋಕಪಲ್, ಪಿಂಗಾಣಿ ಕನೆಕ್ಟರ್, ಶಾಖ ತಡೆಯುವ ತಂತಿ, 300 ಡಿಗ್ರಿ ತಾಳುವ ಓವನ್ ದೀಪ ಇವು ಮೊದಲ ವರ್ಗ. ಅಳತೆ ಹಾಗೂ ಸಾಮರ್ಥ್ಯ ಹೊಂದಿದರೆ ಯಾವ ತಯಾರಿಕೆಯದಾದರೂ ಆದೀತು, ಎಸ್.ಪಿ. ರಸ್ತೆಯಂತಹ ಬೆಂಗಳೂರಿನ ಪೇಟೆಗಳಲ್ಲಿ ಇವುಗಳಿಗೆ ಕೊರತೆಯಿಲ್ಲ. ಬೇಕರಿ ಓವನ್‌ನ ಹೀಟರ್, ಬಾಗಿಲಿನ ಕೀಲು, ಟ್ರೇ ಹಳಿ, ಗಾಜಿನ ನಾರಿನ ಹುರಿ ಇವು ಎರಡನೆಯ ವರ್ಗ. ಮಾದರಿ ಕೊಟ್ಟರೆ ಇವನ್ನು ಮಾಡಿಸಿಕೊಳ್ಳಬಹುದು. ಹಳೆಯ ಓವನ್‌ಗಳ ಕಲ್ನಾರಿನ ಹುರಿಯನ್ನು ಮಾತ್ರ ಅದೇ ವಸ್ತುವಿನಿಂದ ಬದಲಿಸಬಾರದು; ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಕಂಟ್ರೋಲ್ ಬೋರ್ಡು, ಥರ್ಮಲ್ ಕಟ್‌ಔಟ್, ಬಾಗಿಲಿನ ಗಾಜು ಇವು ಮೂರನೆಯ ವರ್ಗ. ಇವುಗಳಿಗೆ ಮೂಲ ತಯಾರಕರು ನಿಗದಿಪಡಿಸಿದ ಭಾಗವೇ ಬೇಕು. ಓವನ್ ಮೂಲೆ ಸೇರುವುದೂ ಈ ವರ್ಗದ ಭಾಗಗಳು ಸಿಗದಿದ್ದಾಗಲೇ. ಗೋಡೆಯ ಓವನ್‌ನ ವಿಷಯದಲ್ಲಿ ನಷ್ಟ ಅಲ್ಲಿಗೇ ನಿಲ್ಲುವುದಿಲ್ಲ. ಯೂರೋಪಿನ ಅಳತೆಯ ಓವನ್‌ಗೆ ಕಪಾಟಿನ ಒಳ ಅಗಲ ಸುಮಾರು 560 ಮಿಲಿಮೀಟರ್ ಇರುತ್ತದೆ. ಬೇರೆ ಅಳತೆಯ ಓವನ್ ತಂದರೆ ಕಪಾಟನ್ನೂ ಒಡೆದು ಕಟ್ಟಿಸಬೇಕು.

ಎರಡನೆಯ ವರ್ಗದಲ್ಲಿ ಈ ಭಾಗದ ಸಣ್ಣ ಉತ್ಪಾದಕರಿಗೆ ಅವಕಾಶವಿದೆ. ಶಿಡ್ಲಘಟ್ಟದ ರೇಷ್ಮೆ ಬಿಚ್ಚಾಣಿಕೆ ಉದ್ಯಮ ಚರಕದಿಂದ ಕಾಟೇಜ್ ಬೇಸಿನ್‌ಗೆ, ಅಲ್ಲಿಂದ ಮಲ್ಟಿ ಎಂಡ್ ಯಂತ್ರಕ್ಕೆ ಬಂದಿತು. ಇಂತಹ ಯಂತ್ರಗಳು ದಿನನಿತ್ಯ ಓಡಬೇಕಾದರೆ ಲೇತು, ವೆಲ್ಡಿಂಗ್, ಮೋಟಾರ್ ಕೆಲಸ ಬಲ್ಲ ಕೈಗಳು ಹತ್ತಿರದಲ್ಲಿರಬೇಕಾಗುತ್ತದೆ. ಆ ಕೌಶಲ್ಯಕ್ಕೆ ಓವನ್‌ನ ಕೀಲು, ಹಳಿ, ತಗಡಿನ ಕೆಲಸ ಹೊಸದೇನಲ್ಲ.

ಕಾನೂನು ಎಲ್ಲಿಗೆ ಬಂದಿದೆ

ಬಿಡಿಭಾಗದ ಪ್ರಶ್ನೆ ದೇಶದಲ್ಲಿ ಮೊದಲು ಗಂಭೀರವಾಗಿ ಚರ್ಚೆಯಾದದ್ದು ಮೋಟಾರು ಕಾರುಗಳ ವಿಷಯದಲ್ಲಿ. ಸ್ವತಂತ್ರ ದುರಸ್ತಿಗಾರರಿಗೆ ಬಿಡಿಭಾಗಗಳನ್ನು ಒದಗಿಸದಿರುವುದು ಸ್ಪರ್ಧೆಗೆ ಅಡ್ಡಿ ಎಂದು ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್‌ನಲ್ಲಿ 14 ಕಾರು ತಯಾರಕರಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿತು. ಆದೇಶ ಮುಂದೆ ಮೇಲ್ಮನವಿಗೆ ಒಳಗಾಯಿತಾದರೂ, ಬಿಡಿಭಾಗವನ್ನು ತಡೆಹಿಡಿಯುವುದು ಕೇವಲ ತಯಾರಕರ ಸ್ವಂತ ವಿಚಾರವಲ್ಲ ಎಂಬ ಮಾತು ದಾಖಲಾಯಿತು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ದುರಸ್ತಿ ಹಕ್ಕಿನ ಸಮಿತಿಯನ್ನು ನೇಮಿಸಿತು. ಅದೇ ವರ್ಷದ ಡಿಸೆಂಬರ್ 24ರಂದು ಇದಕ್ಕೆಂದೇ ಒಂದು ಜಾಲತಾಣ ಆರಂಭವಾಯಿತು. ಯೂರೋಪಿನ ಒಕ್ಕೂಟವಂತೂ ಫ್ರಿಜ್ಜು, ಬಟ್ಟೆ ಒಗೆಯುವ ಯಂತ್ರ, ಪಾತ್ರೆ ತೊಳೆಯುವ ಯಂತ್ರಗಳ ಬಿಡಿಭಾಗಗಳು ಏಳರಿಂದ ಹತ್ತು ವರ್ಷ ಲಭ್ಯವಿರಬೇಕೆಂಬ ನಿಯಮವನ್ನು 2021ರ ಮಾರ್ಚ್‌ನಿಂದ ಜಾರಿಗೆ ತಂದಿತು.

ಬೇಕರಿಯವರು ತಿಳಿದಿರಬೇಕಾದ ಇನ್ನೊಂದು ಅಂಶವಿದೆ. ವಾಣಿಜ್ಯ ಉದ್ದೇಶಕ್ಕೆ ಕೊಂಡವರು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಗ್ರಾಹಕರಲ್ಲ. ಆದರೆ ಸ್ವಯಂ ಉದ್ಯೋಗದಿಂದ ಜೀವನೋಪಾಯ ನಡೆಸಲೆಂದೇ ಕೊಂಡ ಸರಕಿಗೆ ಈ ನಿರ್ಬಂಧ ಅನ್ವಯಿಸುವುದಿಲ್ಲ. ತಾವೇ ದುಡಿಯುವ ಸಣ್ಣ ಬೇಕರಿಯವರಿಗೆ ಗ್ರಾಹಕ ಆಯೋಗದ ಬಾಗಿಲು ಮುಚ್ಚಿಲ್ಲ.

ವರ್ತಕರು ಮಾಡಬೇಕಾದದ್ದು

ಕಾನೂನು ಪೂರ್ಣಗೊಳ್ಳುವವರೆಗೆ ಕಾಯುವ ಅಗತ್ಯವಿಲ್ಲ. ಓವನ್ ಮಾರುವ ಅಂಗಡಿ ತನ್ನ ಬಿಲ್ಲಿನ ಜೊತೆಗೆ ಎರಡು ಸಾಲಿನ ಲಿಖಿತ ಭರವಸೆ ಕೊಡಬೇಕು: ಈ ಮಾದರಿಯ ಬಿಡಿಭಾಗ ಎಷ್ಟು ವರ್ಷ ದೊರೆಯುತ್ತದೆ, ಬೇಡಿಕೆ ಸಲ್ಲಿಸಿದ ಎಷ್ಟು ದಿನಗಳಲ್ಲಿ ತಲುಪುತ್ತದೆ. ಈ ಭರವಸೆಯನ್ನು ಅಂಗಡಿಯವರು ತಮ್ಮ ವಿತರಕರಿಂದ ಮೊದಲೇ ಪಡೆಯಬೇಕು. ಭರವಸೆ ಕೊಡದ ಬ್ರಾಂಡನ್ನು ಎಷ್ಟೇ ಕಮಿಷನ್ ಸಿಕ್ಕರೂ ಪ್ರದರ್ಶನದಲ್ಲಿ ಇಡಬಾರದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಗಾದೆ ವ್ಯಾಪಾರಕ್ಕೆ ಎಲ್ಲಕ್ಕಿಂತ ಹೆಚ್ಚು ಒಪ್ಪುತ್ತದೆ. ಪರಸ್ಪರ ಪರಿಚಯದ ಮೇಲೆ ನಡೆಯುವ ಸಣ್ಣ ಪಟ್ಟಣಗಳ ಪೇಟೆಯಲ್ಲಿ ಒಂದು ಓವನ್‌ನ ಕಹಿ ಮಾತು ಮುಂದಿನ ಹತ್ತು ಮಾರಾಟಗಳನ್ನು ತಡೆಯಬಲ್ಲದು.

ಬಿಡಿಭಾಗದ ದಾಸ್ತಾನಿನಲ್ಲಿ ಬಂಡವಾಳ ಸಿಲುಕುತ್ತದೆ, ಸರಕು ವರ್ಷಗಟ್ಟಲೆ ಕೂರುತ್ತದೆ ಎಂಬ ಆಕ್ಷೇಪ ಸಹಜ. ಒಂದೊಂದು ಅಂಗಡಿಯೂ ಎಲ್ಲವನ್ನೂ ಇಡಬೇಕಾದರೆ ಈ ಮಾತು ನಿಜವೇ. ಆದರೆ ಮೊದಲ ವರ್ಗದ ಭಾಗಗಳ ಪಟ್ಟಿ ಚಿಕ್ಕದು, ಅವು ಕೆಡುವ ಸರಕೂ ಅಲ್ಲ. ನಾಲ್ಕು ಪಟ್ಟಣಗಳ ವರ್ತಕರು ಹಂಚಿಕೊಂಡು, ಚಿಂತಾಮಣಿಯಲ್ಲಿ ಒಂದು ಬಗೆ, ಗೌರಿಬಿದನೂರಿನಲ್ಲಿ ಇನ್ನೊಂದು ಬಗೆ ಎಂಬಂತೆ ದಾಸ್ತಾನಿಟ್ಟು ಪಟ್ಟಿಯನ್ನು ಪರಸ್ಪರ ತಿಳಿಸಿದರೆ, ಒಂದೇ ರಸ್ತೆಯ ಮೇಲಿರುವ ಊರುಗಳಿಗೆ ಬೆಳಿಗ್ಗೆಯ ಬಸ್ಸಿನಲ್ಲಿ ಕಳಿಸಿದ ಭಾಗ ಸಂಜೆಗೆ ಮುಟ್ಟೀತು. ಈ ಪಟ್ಟಿಯನ್ನು, ನುರಿತ ಮೆಕ್ಯಾನಿಕ್‌ಗಳ ಹೆಸರುಗಳೊಂದಿಗೆ, ಸಿದ್ಧಪಡಿಸುವ ಕೆಲಸವನ್ನು ವಾಣಿಜ್ಯ ಸಂಘಗಳು ವಹಿಸಿಕೊಳ್ಳಬಹುದು.

ಕೊಳ್ಳುವವರ ಪಾಲೂ ಇದೆ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆಯು ಅರ್ಹ ಘಟಕಗಳಿಗೆ ಯೋಜನಾ ವೆಚ್ಚದ ಶೇ. 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನವನ್ನು ನಿಗದಿಪಡಿಸಿತು. ಇಂತಹ ನೆರವಿನಿಂದ ಯಂತ್ರ ಕೊಳ್ಳುವವರು ದರಪಟ್ಟಿ ತರಿಸುವಾಗ ಹೀಟರ್, ಕಂಟ್ರೋಲರ್, ಬಾಗಿಲಿನ ಗಾಜುಗಳ ಬಿಡಿ ಬೆಲೆಯನ್ನೂ ಅದರಲ್ಲೇ ಬರೆಸಿಕೊಳ್ಳಬೇಕು. ಆ ಬೆಲೆಯನ್ನು ಬರೆದುಕೊಡಲು ಮಾರಾಟಗಾರರು ಹಿಂಜರಿದರೆ, ಮುಂದೆ ಆ ಭಾಗವನ್ನು ತರಿಸಿಕೊಡುವರೆಂದು ನಂಬಿ ಹಣ ಹೂಡುವುದು ವಿವೇಕವಲ್ಲ.