ಐವತ್ತು ಕೊಡಗಳ ಲೆಕ್ಕ

ಬಾವಿಯಿಂದ ಒಂದು ಕೊಡ ನೀರು ಸೇದಿದರೆ ಎಷ್ಟು ಕೆಲಸ ನಡೆದಂತಾಯಿತು? ಸೇದಿದವರನ್ನು ಕೇಳಿದರೆ ಅವರು ತಮ್ಮ ಅಂಗೈಯನ್ನು ತೋರಿಸಿಯಾರು. ಭೌತವಿಜ್ಞಾನವಾದರೋ ಒಂದೇ ಮಾತಿನಲ್ಲಿ ಉತ್ತರ ಹೇಳುತ್ತದೆ: ಬಲವನ್ನು, ಅದರ ದಿಕ್ಕಿನಲ್ಲಿ ವಸ್ತು ಸಾಗಿದ ದೂರದಿಂದ ಗುಣಿಸಿದರೆ ಬರುವುದೇ ಕೆಲಸ.

ಕೊಡ 10 ಲೀಟರಿನದೆನ್ನೋಣ. ನೀರಿನ ತೂಕ 10 ಕಿಲೋಗ್ರಾಂ. ಬಾವಿಯಲ್ಲಿ ನೀರು 6 ಮೀಟರ್ ಆಳದಲ್ಲಿದೆ. ಭೂಮಿಯು ಒಂದೊಂದು ಕಿಲೋಗ್ರಾಮನ್ನೂ ಸುಮಾರು 9.8 ನ್ಯೂಟನ್ ಬಲದಿಂದ ಸೆಳೆಯುವುದರಿಂದ, ಎತ್ತಲು ಬೇಕಾದ ಬಲ 98 ನ್ಯೂಟನ್. ಅದನ್ನು ಆರರಿಂದ ಗುಣಿಸಿದರೆ ಕೆಲಸ 588 ಜೂಲ್. ಕೊಡದ ಮತ್ತು ಹಗ್ಗದ ಭಾರವನ್ನೂ ರಾಟೆಯ ಘರ್ಷಣೆಯನ್ನೂ ಇಲ್ಲಿ ಬಿಟ್ಟಿದೆ. ರಾಟೆಯಿಂದ ಕೆಲಸವೇನೂ ಕಡಮೆಯಾಗುವುದಿಲ್ಲ; ಎಳೆತವನ್ನು ಕೆಳಮುಖವಾಗಿಸಿ ಅದು ಮೈಭಾರವನ್ನು ನೆರವಿಗೆ ತರುತ್ತದೆ, ಅಷ್ಟೆ. ಒಂದು ಸಂಸಾರಕ್ಕೆ ದಿನಕ್ಕೆ 50 ಕೊಡ ಬೇಕಾದರೆ ಒಟ್ಟು ಕೆಲಸ 29,400 ಜೂಲ್.

ಈ ಲೆಕ್ಕದಲ್ಲಿ ಕಾಲದ ಮಾತೇ ಬಂದಿಲ್ಲ. ಬೆಳಗೆಲ್ಲ ಸೇದಿದರೂ ಕೆಲಸ ಅಷ್ಟೇ, ಕ್ಷಣದಲ್ಲಿ ಮುಗಿಸಿದರೂ ಅಷ್ಟೇ. ಕೆಲಸವನ್ನು ಅದಕ್ಕೆ ಹಿಡಿದ ಕಾಲದಿಂದ ಭಾಗಿಸಿದಾಗ ದೊರೆಯುವುದು ಸಾಮರ್ಥ್ಯ. ನಿಮಿಷಕ್ಕೊಂದು ಕೊಡದಂತೆ 50 ನಿಮಿಷ, ಎಂದರೆ 3,000 ಸೆಕೆಂಡು ಸೇದಿದವರ ಸಾಮರ್ಥ್ಯ 9.8 ವ್ಯಾಟ್.

ಈ ಮಾನಕ್ಕೆ ಹೆಸರು ಬಂದದ್ದು ಸ್ಕಾಟ್ಲೆಂಡಿನ ಜೇಮ್ಸ್ ವ್ಯಾಟನಿಂದ (1736–1819). ಅವನ ಉಗಿಯಂತ್ರವನ್ನು ಕೊಳ್ಳುವವರಿಗೆ ಗೊತ್ತಿದ್ದದ್ದು ಗಿರಣಿ ತಿರುಗಿಸುವ ಕುದುರೆಗಳ ದುಡಿಮೆ. ಆದ್ದರಿಂದ ವ್ಯಾಟನು ಕುದುರೆಯನ್ನೇ ಅಳತೆಗೋಲಾಗಿ ಮಾಡಿಕೊಂಡು, 33,000 ಪೌಂಡು ಭಾರವನ್ನು ನಿಮಿಷಕ್ಕೆ ಒಂದಡಿ ಎತ್ತುವುದೇ ಒಂದು ಅಶ್ವಶಕ್ತಿ ಎಂದು ಗೊತ್ತುಪಡಿಸಿದನು. ಇಂದಿನ ಮಾನದಲ್ಲಿ ಅದು ಸುಮಾರು 746 ವ್ಯಾಟ್. ನೀರು ಸೇದುವ ಕೈ ಅದರ 76ನೆಯ ಒಂದು ಪಾಲು ಮಾತ್ರ!

ಅರ್ಧ ಅಶ್ವಶಕ್ತಿಯ ಪಂಪಿನ ಸಾಮರ್ಥ್ಯ 373 ವ್ಯಾಟ್. ಅದರಲ್ಲಿ ಅರ್ಧವಷ್ಟೇ ನೀರಿಗೆ ಸಂದರೂ ಐವತ್ತು ಕೊಡ ನೀರು ಮೂರು ನಿಮಿಷದೊಳಗೆ ಮೇಲೇರುತ್ತದೆ. ಕರೆಂಟಿನ ಒಂದು ಯೂನಿಟ್ಟೆಂದರೆ 36 ಲಕ್ಷ ಜೂಲ್. ನಾಲ್ಕರಲ್ಲಿ ಮೂರು ಪಾಲು ವ್ಯರ್ಥವಾಯಿತೆಂದುಕೊಂಡರೂ, ಇಡೀ ದಿನದ ನೀರಿಗೆ ತಗಲುವುದು ಯೂನಿಟ್ಟಿನ ಮೂವತ್ತನೆಯ ಒಂದು ಪಾಲು.

ಹಾಗಾದರೆ ಸೇದಿದವರ ಶ್ರಮದ ಬೆಲೆ ಇಷ್ಟೇ ಏನು? ಇಲ್ಲಿ ಎಚ್ಚರಿಕೆ ಬೇಕು. ತುಂಬಿದ ಕೊಡವನ್ನು ಸೊಂಟದಲ್ಲಿರಿಸಿಕೊಂಡು ಸಮನೆಲದ ಮೇಲೆ ನಡೆದರೆ, ಕೊಡವನ್ನು ತಾಳಿಹಿಡಿದ ಬಲ ಮೇಲ್ಮುಖ, ನಡೆದ ದೂರ ಅಡ್ಡಲಾಗಿ. ಸೂತ್ರದಂತೆ ಆ ಬಲವು ಮಾಡಿದ ಕೆಲಸ ಸೊನ್ನೆ. ಆದರೂ ಮೈ ದಣಿಯುತ್ತದೆ. ಭಾರವನ್ನು ಹಿಡಿದಿರುವಷ್ಟು ಹೊತ್ತೂ ಸ್ನಾಯುಗಳ ಎಳೆಗಳು ಬಿಗಿಯುತ್ತಲೇ ಇರಬೇಕು. ಉಂಡ ಅನ್ನದ ಶಕ್ತಿ ಅದಕ್ಕಾಗಿ ವೆಚ್ಚವಾಗಿ ಶಾಖವಾಗಿ ಹೋಗುತ್ತದೆ. ಸೂತ್ರವು ಅಳೆಯುವುದು ಕೊಡಕ್ಕೆ ಸಂದದ್ದನ್ನು; ಹೊತ್ತವರು ತೆತ್ತದ್ದು ಅದರ ಲೆಕ್ಕಕ್ಕೆ ಬರುವುದಿಲ್ಲ.

ನೀರು ಹೊತ್ತು ತರಬೇಕಾದ ಮನೆಗಳಲ್ಲಿ ಆ ಹೊರೆ ಬಹುಮಟ್ಟಿಗೆ ಹೆಂಗಸರಿಗೂ ಹೆಣ್ಣುಮಕ್ಕಳಿಗೂ ಮೀಸಲು. ಅಂಥ ಮನೆಗೆ ಪಂಪು ಬಂದಾಗಲೂ ನೀರಿನ ಮೇಲೆ ನಡೆಯುವ ಕೆಲಸ ಒಂದು ಜೂಲಿನಷ್ಟೂ ತಗ್ಗುವುದಿಲ್ಲ. ತಗ್ಗುವುದು ಕಾಲ: ದಿನಕ್ಕೆ ನಲವತ್ತೇಳು ನಿಮಿಷ. ಶಾಲೆಗೆ ಹೊರಡಬೇಕಾದ ಹುಡುಗಿಗೆ ಅದು ಒಂದು ಪಾಠದ ಹೊತ್ತು.