ಅಜ್ಜಿಯನ್ನು ಕೂರಿಸಿಬಿಡಬೇಡಿ

ಗುಲ್ವಾಡಿ ಕಡೆಯ ಯಾವುದೋ ಮನೆಯಲ್ಲಿ ಹಿರಿಯರೊಬ್ಬರು ಜಾರಿ ಬಿದ್ದು ಸೊಂಟದ ಮೂಳೆ ಮುರಿದರೆ ಊರಿನ ಮಾತೆಲ್ಲ ಆಸ್ಪತ್ರೆ, ಆಪರೇಶನ್, ಖರ್ಚು, ನೋಡಿಕೊಳ್ಳುವವರು ಯಾರು ಎಂಬುದರ ಸುತ್ತಲೇ ತಿರುಗುತ್ತದೆ. ಬೀಳದಂತೆ ಮೊದಲೇ ಏನು ಮಾಡಬಹುದಿತ್ತು ಎಂಬ ಪ್ರಶ್ನೆ ಏಳುವುದೇ ಇಲ್ಲ. 65 ದಾಟಿದವರಿಗೆ ಊರಲ್ಲೇ, ವಾರಕ್ಕೆ ಮೂರು ದಿನ, ಸಮತೋಲನದ ಮತ್ತು ಕಾಲಿನ ಬಲದ ವ್ಯಾಯಾಮ ಕಲಿಸಬೇಕು ಎಂಬುದು ನನ್ನ ವಾದ. ಇದನ್ನು ಬೇಡವೆನ್ನುವವರ ಮಾತುಗಳಲ್ಲಿ ಕೆಲವು ಪ್ರೀತಿಯಿಂದ ಬಂದವು, ಕೆಲವು ಓದಿನಿಂದ, ಕೆಲವು ಬರೀ ಉದಾಸೀನದಿಂದ. ಒಂದೊಂದಾಗಿ ಉತ್ತರಿಸುತ್ತೇನೆ.

“ಪ್ರಾಯ ಆಯ್ತಲ್ದಾ, ಇನ್ನ್ ಬೀಳೂದೇ” ಎಂಬುದು ಎಲ್ಲಕ್ಕಿಂತ ಮೊದಲು ಬರುವ ಮಾತು. ಪ್ರಾಯವೊಂದೇ ಕಾರಣವಾಗಿದ್ದರೆ ಒಂದೇ ವಯಸ್ಸಿನವರೆಲ್ಲ ಒಂದೇ ರೀತಿ ಬೀಳಬೇಕಿತ್ತು. ಅಮೆರಿಕದ ವೈದ್ಯೆ ಮೇರಿ ಟಿನೆಟ್ಟಿ ಮತ್ತು ಸಂಗಡಿಗರು 75 ದಾಟಿದ 336 ಮಂದಿಯನ್ನು ಒಂದು ವರ್ಷ ಗಮನಿಸಿ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಿದ್ದವರು ಶೇ. 32. ಉಳಿದವರು ಬೀಳಲಿಲ್ಲ. ನಿದ್ದೆ ಬರಿಸುವ ಮಾತ್ರೆ, ಕಾಲಿನ ದೌರ್ಬಲ್ಯ, ನಡಿಗೆ ಮತ್ತು ಸಮತೋಲನದ ದೋಷ, ಪಾದದ ತೊಂದರೆ, ಮರೆವು ಇಂಥ ಕಾರಣಗಳನ್ನು ಅವರು ಲೆಕ್ಕ ಹಾಕಿದರು. ಒಂದೂ ಇಲ್ಲದವರಲ್ಲಿ ಬೀಳುವ ಸಂಭವ ಶೇ. 8, ನಾಲ್ಕು ಅಥವಾ ಹೆಚ್ಚು ಇದ್ದವರಲ್ಲಿ ಶೇ. 78. ಈ ಕಾರಣಗಳಲ್ಲಿ ಹೆಚ್ಚಿನವನ್ನು ಮನುಷ್ಯ ಪ್ರಯತ್ನದಿಂದ ಕಡಿಮೆ ಮಾಡಬಹುದು. ಈ ಊರಿನ ಹೆಸರನ್ನು ಹೊತ್ತ ಗುಲ್ವಾಡಿ ವೆಂಕಟರಾಯರು 1899ರಲ್ಲಿ ‘ಇಂದಿರಾಬಾಯಿ’ ಕಾದಂಬರಿ ಪ್ರಕಟಿಸಿದಾಗ, ವಿಧವೆಯ ಪಾಡು ಅವಳ ಹಣೆಬರಹ ಎಂದೇ ಸುತ್ತಲಿನ ಸಮಾಜ ನಂಬಿತ್ತು. ಹಣೆಬರಹವೆಂದು ಕೈಚೆಲ್ಲಿದ್ದನ್ನು ಪ್ರಶ್ನಿಸುವುದು ಈ ಊರಿಗೆ ಹೊಸದಾಗಬಾರದು.

ಎರಡನೆಯದು ಮಕ್ಕಳು, ಸೊಸೆಯಂದಿರು ಹೇಳುವ ಮಾತು: “ಅಮ್ಮ, ನೀವ್ ಸುಮ್ನೆ ಒಂದ್ ಬದಿಯಗೆ ಕೂಕಣಿ.” ಇದರ ಹಿಂದೆ ಅಕ್ಕರೆ ಇದೆ, ಅನುಮಾನವಿಲ್ಲ. ಆದರೆ ನನಗೆ ಅತಿ ಹೆಚ್ಚು ಭಯ ಹುಟ್ಟಿಸುವ ಮಾತು ಇದೇ. ಕೂತವರು ಕೂತೇ ಇರುವುದಿಲ್ಲ. ನಡುರಾತ್ರಿ ಬಚ್ಚಲಿಗೆ ಏಳಲೇಬೇಕು, ಹೊಸಿಲು ದಾಟಲೇಬೇಕು. ದಿನವಿಡೀ ಕೂತು ತೊಡೆಯ ಬಲ ಕರಗಿದವರು ಆ ಹತ್ತು ಹೆಜ್ಜೆಯಲ್ಲೇ ಬೀಳುತ್ತಾರೆ. ನಮ್ಮ ಕರಾವಳಿಯಲ್ಲಿ ಇದಕ್ಕೆ ಮಳೆಗಾಲವೂ ಸೇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಳ, ಕೆಂಪುಕಲ್ಲಿನ ಮೆಟ್ಟಿಲು, ಬಾವಿಕಟ್ಟೆ ಎಲ್ಲ ಪಾಚಿ ಹಿಡಿದಿರುತ್ತವೆ. ಹಿರಿಯರನ್ನು ಒಳಗೇ ಇಡುತ್ತೇವೆ. ನಾಲ್ಕು ತಿಂಗಳು ಕಾಲಿಗೆ ಕೆಲಸವಿಲ್ಲದೆ ಕಳೆದವರು ನವರಾತ್ರಿಗೆ ದೇವಸ್ಥಾನದ ಮೆಟ್ಟಿಲು ಹತ್ತಲು ಹೊರಡುತ್ತಾರೆ. ಒಮ್ಮೆ ಬಿದ್ದವರಿಗಂತೂ ಮತ್ತೆ ಬಿದ್ದೇನೆಂಬ ಹೆದರಿಕೆ. ಹೆದರಿಕೆಯಿಂದ ಓಡಾಟ ಕಡಿಮೆ, ಓಡಾಟ ಕಡಿಮೆಯಾದಂತೆ ಕಾಲು ಇನ್ನಷ್ಟು ಸೋಲುತ್ತದೆ, ಸೋತ ಕಾಲು ಮತ್ತೆ ಬೀಳಿಸುತ್ತದೆ.

ಸೋತ ಕಾಲಿಗೆ ಮತ್ತೆ ಬಲ ಬರುತ್ತದೆಯೇ? ಬೋಸ್ಟನ್ನಿನಲ್ಲಿ ಮರಿಯಾ ಫಿಯಟರೋನ್ ಮತ್ತು ಸಂಗಡಿಗರು ವೃದ್ಧಾಶ್ರಮದ 90ರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರ ಭಾರ ಎತ್ತುವ ಕಾಲಿನ ವ್ಯಾಯಾಮ ಮಾಡಿಸಿದರು. ಪೂರೈಸಿದ ಒಂಬತ್ತು ಮಂದಿಯ ಕಾಲಿನ ಬಲ ಸರಾಸರಿ ಶೇ. 174 ಹೆಚ್ಚಿತು. ಇದು ಪ್ರಕಟವಾದದ್ದು 1990ರಲ್ಲಿ. ಚಿಕ್ಕ ಅಧ್ಯಯನ, ಸರಿ. ಆದರೆ ತೊಂಬತ್ತರಲ್ಲೂ ಸ್ನಾಯು ಕಲಿಯುತ್ತದೆ ಎಂಬುದನ್ನು ಅದು ತೋರಿಸಿಕೊಟ್ಟಿತು.

“ನಮ್ಮ ಅಜ್ಜ ಯಾವ ವ್ಯಾಯಾಮ ಮಾಡಿದ್ದರು?” ಎಂದು ಕೇಳುತ್ತಾರೆ. ನಿಮ್ಮ ಅಜ್ಜ ದಿನವಿಡೀ ಮಾಡುತ್ತಿದ್ದದ್ದು ಅದನ್ನೇ. ಗದ್ದೆಯ ಅಂಚಿನ ಮೇಲೆ ಹೊರೆ ಹೊತ್ತು ನಡೆಯುವುದು, ತೋಡಿನ ಮೇಲಿನ ಕಾಲುಸಂಕ ದಾಟುವುದು, ನೆಲಕ್ಕೆ ಕೂತು ಉಂಡು ಕೈ ಊರದೆ ಏಳುವುದು, ನಟ್ಟಿಯ ಕೆಸರಿನಿಂದ ಕಾಲು ಕಿತ್ತು ಕಿತ್ತು ಇಡುವುದು. ಸಮತೋಲನಕ್ಕೆ ಇದಕ್ಕಿಂತ ಕಠಿಣ ತರಬೇತಿ ಯಾವ ಕ್ಲಿನಿಕ್ಕಿನಲ್ಲೂ ಸಿಗದು. ಈಗ ಗದ್ದೆ ಹಡಿಲು ಬಿದ್ದಿದೆ, ಊಟ ಮೇಜಿಗೆ ಏರಿದೆ, ಮಕ್ಕಳು ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ದುಬೈಯಲ್ಲೋ ಇದ್ದಾರೆ. ಬದುಕು ಕೊಡುತ್ತಿದ್ದ ತರಬೇತಿ ನಿಂತಿತು, ಅದರ ಜಾಗಕ್ಕೆ ಬೇರೇನೂ ಬರಲಿಲ್ಲ. ಸಂಜೆ ರಸ್ತೆ ಬದಿ ಒಂದು ಸುತ್ತು ಹೋಗಿ ಬಂದರೆ ಸಾಲದೇ ಎಂದರೆ, ಸಾಲದು. ನಡಿಗೆ ಹೃದಯಕ್ಕೆ, ಸಕ್ಕರೆ ಕಾಯಿಲೆಗೆ ಒಳ್ಳೆಯದು. ಆದರೆ ನಡಿಗೆಯೊಂದೇ ಬೀಳುವುದನ್ನು ತಡೆಯುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಈ ಹಿಂದೆ ಕೈಮೂಳೆ ಮುರಿದುಕೊಂಡಿದ್ದ ಮಹಿಳೆಯರಿಗೆ ಬಿರುನಡಿಗೆ ಹೇಳಿದ 1997ರ ಒಂದು ಬ್ರಿಟಿಷ್ ಅಧ್ಯಯನದಲ್ಲಿ ನಡೆದವರೇ ಹೆಚ್ಚು ಬಿದ್ದರು.

ಓದಿದವರ ಆಕ್ಷೇಪ ಇದಕ್ಕಿಂತ ಹರಿತ. “2020ರಲ್ಲಿ ಬಂದ ಎರಡು ದೊಡ್ಡ ಪ್ರಯೋಗಗಳಲ್ಲಿ ಏನೂ ಲಾಭ ಕಾಣಲಿಲ್ಲವಲ್ಲ?” ಎನ್ನುತ್ತಾರೆ. ಹೌದು, ಇಂಗ್ಲೆಂಡಿನ ‘ಪ್ರಿಫಿಟ್’ ಮತ್ತು ಅಮೆರಿಕದ ‘ಸ್ಟ್ರೈಡ್’ ಎರಡೂ ಮೂಳೆಮುರಿತವನ್ನಾಗಲಿ ಗಂಭೀರ ಗಾಯವನ್ನಾಗಲಿ ಗಮನಾರ್ಹವಾಗಿ ಇಳಿಸಲಿಲ್ಲ. ಇದನ್ನು ಮುಚ್ಚಿಡುವವರು ವಿಜ್ಞಾನಕ್ಕೆ ದ್ರೋಹ ಮಾಡುತ್ತಾರೆ. ಆದರೆ ಅಲ್ಲಿ ನಡೆದದ್ದೇನು ಎಂಬುದನ್ನೂ ನೋಡಬೇಕು. ಪ್ರಿಫಿಟ್‌ನಲ್ಲಿ ಸುಮಾರು 9,800 ಮಂದಿ ಇದ್ದರೂ, ಅಂಚೆಯಲ್ಲಿ ಕಳಿಸಿದ ಪ್ರಶ್ನಾವಳಿಯ ಮೂಲಕ ಅಪಾಯ ಹೆಚ್ಚೆಂದು ಕಂಡವರನ್ನು ಮಾತ್ರ ವ್ಯಾಯಾಮಕ್ಕೆ ಕರೆದರು, ಕರೆದವರಲ್ಲೂ ಎಲ್ಲರೂ ಬರಲಿಲ್ಲ. ಸ್ಟ್ರೈಡ್‌ನಲ್ಲಿ ನರ್ಸ್ ಅಪಾಯಗಳನ್ನು ಗುರುತಿಸಿ ಯೋಜನೆ ಹಾಕಿಕೊಡುತ್ತಿದ್ದರು, ವ್ಯಾಯಾಮಕ್ಕೆ ಬೇರೆಡೆ ಕಳಿಸುತ್ತಿದ್ದರು. ಚೀಟಿ ಬರೆದು ಕಳಿಸಿದರೆ ಕಾಲಿಗೆ ಬಲ ಬರುವುದಿಲ್ಲ. ನಿಜಕ್ಕೂ ವ್ಯಾಯಾಮ ಮಾಡಿಸಿದಾಗ ಏನಾಯಿತು ಎಂಬುದನ್ನು, ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕೊಕ್ರೇನ್ ಸಂಸ್ಥೆಯ 2019ರ ವಿಮರ್ಶೆ ಹೇಳುತ್ತದೆ. 25 ದೇಶಗಳ 108 ಪ್ರಯೋಗಗಳು, 23,407 ಮಂದಿ. ವ್ಯಾಯಾಮದಿಂದ ಬೀಳುವ ಪ್ರಮಾಣ ಶೇ. 23ರಷ್ಟು ತಗ್ಗಿತು. ಸಮತೋಲನದ ವ್ಯಾಯಾಮದ ಜೊತೆ ಬಲವರ್ಧನೆಯೂ ಸೇರಿದಲ್ಲಿ ಸುಮಾರು ಶೇ. 34. ಮೂಳೆಮುರಿತದ ಬಗ್ಗೆ ಸಾಕ್ಷ್ಯ ಇನ್ನೂ ದುರ್ಬಲ ಎಂದು ಆ ವಿಮರ್ಶೆಯೇ ಒಪ್ಪಿಕೊಂಡಿದೆ, ನಾನೂ ಅದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಇದೆಲ್ಲ ಹೊರದೇಶದವರ ಲೆಕ್ಕ ಎಂಬ ಮಾತಿನಲ್ಲೂ ಅರ್ಧ ಸತ್ಯವಿದೆ. ಈ ಪ್ರಯೋಗಗಳಲ್ಲಿ ಹೆಚ್ಚಿನವು ಶ್ರೀಮಂತ ದೇಶಗಳವು. ತೊಡೆಯ ಸ್ನಾಯು ಎಲ್ಲ ಕಡೆ ಒಂದೇ, ಮನೆ ಮಾತ್ರ ಬೇರೆ. ಹಾಗಾಗಿ ಅವರ ಪುಸ್ತಕವನ್ನು ಹಾಗೇ ತರಬೇಕಿಲ್ಲ. ಆಸ್ಟ್ರೇಲಿಯಾದಲ್ಲಿ ಲಿಂಡಿ ಕ್ಲೆಮ್ಸನ್ ತಂಡ ವ್ಯಾಯಾಮವನ್ನು ದಿನದ ಕೆಲಸದೊಳಗೇ ಸೇರಿಸಿ, 70 ದಾಟಿದವರಲ್ಲಿ ಬೀಳುವುದನ್ನು ಶೇ. 31ರಷ್ಟು ಇಳಿಸಿತು (2012). ಅದು ನಮಗೆ ಹೇಳಿ ಮಾಡಿಸಿದಂತಿದೆ. ಒಲೆಯ ಕಟ್ಟೆ ಹಿಡಿದು ಒಂಟಿ ಕಾಲಿನಲ್ಲಿ ನಿಲ್ಲುವುದು, ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವುದು, ಜಗಲಿಯ ಗೋಡೆ ಪಕ್ಕ ಹಿಮ್ಮಡಿಗೆ ಬೆರಳು ತಾಗಿಸಿ ಒಂದೇ ಗೆರೆಯಲ್ಲಿ ನಡೆಯುವುದು. ಸುಲಭವಾದಂತೆ ಕಷ್ಟ ಹೆಚ್ಚಿಸುತ್ತ ಹೋಗಬೇಕು, ಇಲ್ಲದಿದ್ದರೆ ಫಲವಿಲ್ಲ. ತಲೆಸುತ್ತು ಇರುವವರು, ಆಪರೇಶನ್ ಆದವರು ಮೊದಲು ವೈದ್ಯರನ್ನು ಕೇಳಬೇಕು.

ಬಚ್ಚಲಿಗೆ ಹಿಡಿಕೆ ಹಾಕಿಸಿ, ಜಾರುವ ಟೈಲ್ಸ್ ಬದಲಿಸಿದರೆ ಸಾಕೆನ್ನುವವರ ಜೊತೆ ನನಗೆ ಜಗಳವಿಲ್ಲ, ಅದನ್ನೂ ಮಾಡಿ. ಮನೆಯೊಳಗಿನ ಅಪಾಯ ತೆಗೆದರೆ ಬೀಳುವುದು ಶೇ. 26ರಷ್ಟು ಕಡಿಮೆಯಾಗುತ್ತದೆ ಎಂದು ಕೊಕ್ರೇನ್‌ನ 2023ರ ವಿಮರ್ಶೆ ಹೇಳಿದೆ. ಆದರೆ ಹಿಡಿಕೆ ಇರುವುದು ಬಚ್ಚಲಿನಲ್ಲಿ, ಅಂಗಳದಲ್ಲಲ್ಲ. ಇನ್ನು ವಿಟಮಿನ್ ಡಿ ಮಾತ್ರೆ ನುಂಗಿದರೆ ಸಾಕೆನ್ನುವವರ ವಿಚಾರ. ವರ್ಷಕ್ಕೊಮ್ಮೆ ಭಾರೀ ಪ್ರಮಾಣದಲ್ಲಿ ಕೊಟ್ಟ ಆಸ್ಟ್ರೇಲಿಯಾದ ಪ್ರಯೋಗವೊಂದರಲ್ಲಿ (2010) ತಗೊಂಡವರೇ ಹೆಚ್ಚು ಬಿದ್ದರು.

ಕಡೆಯ ಆಕ್ಷೇಪ: “ಹಳ್ಳಿಗೆ ಫಿಸಿಯೋಥೆರಪಿಸ್ಟ್ ಎಲ್ಲಿಂದ ಬರಬೇಕು?” ದಿನವೂ ಬರಬೇಕಿಲ್ಲ. ನ್ಯೂಜಿಲೆಂಡಿನಲ್ಲಿ ರೂಪುಗೊಂಡ ಒಟಾಗೊ ವ್ಯಾಯಾಮವನ್ನು ತರಬೇತಿ ಪಡೆದ ನರ್ಸ್ ಒಬ್ಬರು ಮನೆಮನೆಗೆ ಹೋಗಿ ಕಲಿಸಿದಾಗ, 75 ದಾಟಿದವರಲ್ಲಿ ಬೀಳುವುದು ಶೇ. 46ರಷ್ಟು ತಗ್ಗಿತು (2001). ನಮ್ಮಲ್ಲಿ ಆಶಾ ಕಾರ್ಯಕರ್ತೆಯರಿದ್ದಾರೆ. 2010–11ರಲ್ಲಿ ಶುರುವಾದ ಹಿರಿಯರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದ ಪ್ರಕಾರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಮ್ಮೆ ವೃದ್ಧರ ಕ್ಲಿನಿಕ್ ನಡೆಯಬೇಕು. ಫಿಸಿಯೋಥೆರಪಿ ಕಲಿಸುವ ಮಣಿಪಾಲ ಇದೇ ಜಿಲ್ಲೆಯಲ್ಲಿದೆ. ಕಲಿಸುವವರಿಗೆ ಕಲಿಸಲು ಅಲ್ಲಿಂದ ಒಬ್ಬರು ಬಂದರೆ ಸಾಕು.

ಪಂಚಾಯಿತಿಯವರಲ್ಲಿ ನನ್ನ ಕೋರಿಕೆ ಇಷ್ಟೇ: ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಚರ್ಚೆಗೆ ತನ್ನಿ, ಶಾಲೆಯ ಒಂದು ಕೋಣೆಯನ್ನು ವಾರಕ್ಕೆ ಮೂರು ಸಂಜೆ ಬಿಟ್ಟುಕೊಡಿ. ಮನೆಯವರಲ್ಲಿ ಇನ್ನೊಂದು: ನಿಮ್ಮ ಅಮ್ಮ, ಅಪ್ಪ ಕಳೆದ ಒಂದು ವರ್ಷದಲ್ಲಿ ಬಿದ್ದಿದ್ದಾರೆಯೇ ಎಂದು ಇವತ್ತೇ ಕೇಳಿ. ಗಾಯವಾಗದಿದ್ದರೆ ಅವರು ತಾವಾಗಿ ಹೇಳಿರುವುದಿಲ್ಲ.